ತಲೆಕೆಳಗಿನ ಜೀ

ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಸೂಯುನ್ ಕತ್ತಿಯ ಹಿಡಿಗೆ ಹದಿನೇಳನೇ ಸುತ್ತು ಹಾಕುತ್ತಿದ್ದಳು. ಅಂಗಳದಲ್ಲಿ ಓಲಗದವರು ಒಂದು ಹಾಡು ಮುಗಿಸಿ ಸಿಗರೇಟು ಹಚ್ಚಿದ್ದರು. ಅಪ್ಪನ ಬೂದಿ ಬೆಳಿಗ್ಗೆ ಏಳಕ್ಕೇ ಮನೆಗೆ ಬಂದು, ಕೆಂಪು ಬಟ್ಟೆ ಹೊದ್ದ ಪೆಟ್ಟಿಗೆಯಲ್ಲಿ ನಡುಮನೆಯ ಮೇಜಿನ ಮೇಲೆ ಕೂತಿತ್ತು. ಮಧ್ಯಾಹ್ನದೊಳಗೆ ಗುಡ್ಡದ ಮೇಲಿನ ಗೋರಿಗೆ ಒಯ್ಯಬೇಕು. ಅದರ ಜೊತೆ ಅಪ್ಪ ಮಾಡಿದ ಈ ಕೊನೆಯ ಕತ್ತಿಯೂ ಹೋಗಬೇಕು. ಕತ್ತಿಗೆ ಮಾತ್ರ ಇನ್ನೂ ಹಿಡಿ ಆಗಿರಲಿಲ್ಲ.

“ಆಯ್ತೇನೇ?” ಅಮ್ಮ ಬಾಗಿಲಿಗೆ ಬಂದು ನಿಂತಳು. ತಲೆಗೆ ಸುತ್ತಿದ್ದ ಬಿಳಿ ಸೆಣಬಿನ ಬಟ್ಟೆ ಜಾರಿ ಒಂದು ಕಿವಿಯ ಮೇಲೆ ಕೂತಿತ್ತು. “ಬದುಕಿದ್ದಾಗಂತೂ ನಿಮ್ಮಪ್ಪ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ಇವತ್ತಾದ್ರೂ ಹೋಗ್ಲಿ.”

ಸೂಯುನ್ ಬಾಯಲ್ಲಿ ದಾರ. ಇನ್ನೂ ಇಲ್ಲ ಎಂದು ತಲೆಯಾಡಿಸಿದಳು. ಸುತ್ತು ಒಮ್ಮೆ ಶುರು ಮಾಡಿದ ಮೇಲೆ ಕೈ ಸಡಿಲ ಬಿಡುವ ಹಾಗಿಲ್ಲ, ಬಿಟ್ಟರೆ ಮೊದಲಿಂದ. ಅವಳ ಎಡಗೈಯ ಹೆಬ್ಬೆರಳ ಮೇಲೆ ರೇಷ್ಮೆ ದಾರ ಕೊರೆದ ಹಳೆಯ ಗೀರುಗಳಿದ್ದವು. ಕೆಲವು ಗೀರುಗಳ ಮೇಲೆ ಹೊಸ ಗೀರು ಕೂತು ಚರ್ಮ ದಪ್ಪಗಾಗಿತ್ತು.

“ಯಾವ ಕಡೆ ಹಾಕ್ದೆ?” ಅಮ್ಮ ದನಿ ತಗ್ಗಿಸಿ ಕೇಳಿದಳು.

ಸೂಯುನ್ ದಾರ ಬಿಡದೆ ಕತ್ತಿಯನ್ನು ತುಸು ವಾಲಿಸಿ ತೋರಿಸಿದಳು. ಅಮ್ಮ ನೋಡಿ, ತಲೆಯ ಬಟ್ಟೆ ಸರಿಮಾಡಿಕೊಂಡು ಹೋದಳು.

ಹಿಡಿಗೂ ಅಲಗಿಗೂ ನಡುವೆ ಒಂದು ಕಂಚಿನ ತುಂಡು ಕೂರುತ್ತದೆ. ಅದಕ್ಕೆ ಆ ಮನೆಯಲ್ಲಿ ಕಾಪು ಎನ್ನುತ್ತಿದ್ದರು. ಅಂಗೈಯಷ್ಟೂ ಇಲ್ಲದ ಆ ತುಂಡಿನ ಮೇಲೆ ಒಂದು ಮೃಗದ ಮುಖ: ಎರಡು ಕೊಂಬು, ಎರಡು ಗುಂಡು ಕಣ್ಣು, ಕೆಳದವಡೆಯೇ ಇಲ್ಲದ ಬಾಯಿ. ಕೊಂಬು ಹಿಡಿಯ ಕಡೆ ಬರುವಂತೆ ಹಾಕಿದರೆ, ಕತ್ತಿ ಸೊಂಟದಲ್ಲಿ ತೂಗುವಾಗ ಮುಖ ನೆಟ್ಟಗಿರುತ್ತದೆ. ಕೊಂಬು ಮೊನೆಯ ಕಡೆ ಬಂದರೆ, ಕತ್ತಿ ಎತ್ತಿ ಹಿಡಿದಾಗ ನೆಟ್ಟಗಿರುತ್ತದೆ. ಕಾಪಿನ ಕಿಂಡಿ ಎರಡೂ ಕಡೆಯಿಂದ ಒಂದೇ ಅಳತೆ. ಹೇಗೆ ತೂರಿಸಿದರೂ ಕೂರುತ್ತದೆ, ಎಲ್ಲ ತಾಪತ್ರಯದ ಮೂಲ ಅದೇ.

ಸೂಯುನ್ ಕೊಂಬನ್ನು ಹಿಡಿಯ ಕಡೆಗೇ ಹಾಕಿದ್ದಳು. ಅಪ್ಪ ಮೂವತ್ತು ವರ್ಷ ಹಾಕಿದ್ದ ಹಾಗೆ. ಅದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ ಎಂದು ಅವಳು ತಿಳಿದಿದ್ದಳು.

*

ಕತ್ತಿಗೇ ಹೆಸರಾದ ಲಾಂಗ್‌ಚುವಾನ್ ಪೇಟೆಯಲ್ಲಿ ಹಳೆಯ ಕಾಲದ ಕತ್ತಿಗಳ ಪಡಿಯಚ್ಚು ಮಾಡುವವರಿಗೆ ಬರವಿಲ್ಲ. ತಾಂಗ್ ವಂಶದ್ದು ಬೇಕೇ, ಮಿಂಗ್ ವಂಶದ್ದು ಬೇಕೇ, ಸಿನಿಮಾದವರಿಗೆ ಬೇಕಾಗುವ, ಯಾವ ವಂಶದ್ದೂ ಅಲ್ಲದ್ದು ಬೇಕೇ, ಎಲ್ಲ ಸಿಗುತ್ತದೆ. ಸೂಯುನ್‌ಳ ಅಪ್ಪ ಜೀ ಬೋಕಾಯ್ ಮಾತ್ರ ಒಂದೇ ಒಂದು ಕತ್ತಿಗೆ ಗಂಟುಬಿದ್ದ. ಉತ್ತರದ ಯಾವುದೋ ಜಿಲ್ಲೆಯಲ್ಲಿ ಕಾಲುವೆ ತೋಡುವಾಗ ಸಿಕ್ಕ, ಹಾನ್ ವಂಶದ ಕಾಲದ ನೇರ ಕತ್ತಿ ಅದು. ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ ದಿನ ಅವನು ಊಟ ಬಿಟ್ಟು ಎದ್ದು ಕೈ ತೊಳೆದನಂತೆ. ಅಮ್ಮ ಇದನ್ನು ಬೈಗುಳದ ಹಾಗೆ ಹೇಳುತ್ತಿದ್ದಳು, ಸವತಿಯ ಕತೆ ಹೇಳುವವಳ ಹಾಗೆ.

ಸೂಯುನ್‌ಗೆ ಆಗ ಏಳು ವರ್ಷ. ಅವಳನ್ನೂ ಕರೆದುಕೊಂಡು ಎರಡು ರೈಲು, ಒಂದು ಬಸ್ಸು ಬದಲಿಸಿ ಅಪ್ಪ ಆ ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ಹೋದ. ಗಾಜಿನ ಪೆಟ್ಟಿಗೆಯ ಮುಂದೆ ಎರಡು ದಿನ ನಿಂತ. ಮುಟ್ಟಲು ಬಿಡಲಿಲ್ಲ. ಕಾಗದದ ಪಟ್ಟಿಗಳನ್ನು ಗಾಜಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಉಗುರಿನಿಂದ ಗುರುತು ಮಾಡಿಕೊಂಡ. ಜೇಬಿನಲ್ಲಿ ತಂದಿದ್ದ ಬನ್ನು ಗಟ್ಟಿಯಾಗಿತ್ತು. ಸೂಯುನ್ ಅಳತೊಡಗಿದಾಗ ಅಲ್ಲಿಯ ಕಾವಲುಗಾರ ತನ್ನ ಸ್ಟೂಲು ತಂದು ಕೊಟ್ಟ. ಅದರ ಮೇಲೆ ಹತ್ತಿ ನಿಂತು ಅವಳು ಮೊದಲ ಸಲ ಆ ಮುಖ ನೋಡಿದಳು.

“ಅಪ್ಪಾ, ಇದ್ಯಾಕೆ ಹೀಗೆ ತಿರುಗಿದೆ? ಕತ್ತಿ ಎತ್ತಿದ್ರೆ ಇದರ ತಲೆ ಕೆಳಗಾಗಲ್ವಾ?”

ಅಪ್ಪ ಕಾಗದದ ಪಟ್ಟಿ ಕೆಳಗಿಳಿಸಿದ. “ಅದು ಸೊಂಟದಲ್ಲಿದ್ದಾಗ ಎಚ್ಚರವಾಗಿರುತ್ತೆ ಮಗಾ. ಒಡೆಯನ್ನ ಕಾಯ್ತಾ ಇರುತ್ತೆ. ಕತ್ತಿ ಹೊರಗೆ ಬಂತು ಅಂದ್ರೆ ಕಾಯೋ ಕೆಲಸ ಮುಗೀತು ಅಂತ ಅರ್ಥ. ಆಗ ಕಣ್ಣು ತಿರುಗಿಸಿಕೊಳ್ಳುತ್ತೆ. ಸಾಯೋದನ್ನ ನೋಡಲ್ಲ ಅದು.”

ಆ ಹೊತ್ತಿಗೆ ಹೊಳೆದದ್ದನ್ನು ಹೇಳಿದ್ದಷ್ಟೇ. ಆದರೆ ಊರಿಗೆ ಬರುವಷ್ಟರಲ್ಲಿ ಅವನೇ ಅದನ್ನು ನಂಬಿಬಿಟ್ಟಿದ್ದ. ಮೂವತ್ತು ವರ್ಷ ಕೊಳ್ಳಲು ಬಂದವರಿಗೆಲ್ಲ ಆ ಕತೆ ಹೇಳಿದ. ಮಾತಿನಲ್ಲಿ ಅಷ್ಟೇನೂ ಚುರುಕಲ್ಲದ ಮನುಷ್ಯನಿಗೆ ಇದ್ದದ್ದು ಅದೊಂದೇ ಕತೆ. ಅದನ್ನು ಹೇಳುವಾಗ ಮಾತ್ರ ಚಹಾದ ಬಾಟಲಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ.

*

“ಒಳ್ಳೇ ಸಾವು ಬಿಡಿ. ನರಳಲಿಲ್ಲ,” ಅಂಗಳದಲ್ಲಿ ಯಾರೋ ಅನ್ನುತ್ತಿದ್ದರು.

“ನರಳಲಿಲ್ಲ ಅಂದ್ರೆ? ಉಸಿರು ಎಳ್ಕೊಳ್ಳೋಕಾಗದೆ ಮೂರು ತಿಂಗಳು ಒದ್ದಾಡಿದ ಕಣಯ್ಯ!” ಶ್ಯಾಂಗ್ ಚಿಕ್ಕಪ್ಪನ ದನಿ ಓಲಗವನ್ನೂ ಮೀರಿಸಿತು. ಮೂವತ್ತು ವರ್ಷ ಅಪ್ಪನ ಎದುರು ನಿಂತು ಸಮ್ಮಟಿಗೆ ಬಡಿದವನು ಅವನು. ಕಿವಿ ಅರ್ಧ ಹೋಗಿತ್ತು. ತನಗೆ ಕೇಳಿಸದ್ದು ಯಾರಿಗೂ ಕೇಳಿಸುವುದಿಲ್ಲ ಎಂದು ಅವನ ನಂಬಿಕೆ. “ಸಾಣೆಕಲ್ಲಿನ ಧೂಳು. ಕತ್ತಿ ಹೊಳೀತಾ ಹೋಯ್ತು, ಇವನ ಎದೆ ಮುಚ್ಚಿಕೊಳ್ತಾ ಹೋಯ್ತು.”

ಎದುರಂಗಡಿಯ ಯೇ ಅಕ್ಕ ತೋಫು ಕತ್ತರಿಸುತ್ತಿದ್ದ ಹೆಂಗಸರ ನಡುವಿನಿಂದ ಎದ್ದು ಒಳಗೆ ಬಂದಳು. ಫೋನಿನ ಕ್ಯಾಮೆರಾದ ಮುಂದೆ ನಿಂತು ಕತ್ತಿ ಮಾರುವುದರಲ್ಲಿ ಅವಳದು ಎತ್ತಿದ ಕೈ. ಇವತ್ತು ತುಟಿಗೆ ಬಣ್ಣವಿರಲಿಲ್ಲ, ಅಷ್ಟರಮಟ್ಟಿಗೆ ದುಃಖ ನಿಜವೇ ಆಗಿತ್ತು.

“ಅಯ್ಯೋ, ಹಂಗೇ ಹಾಕಿಬಿಟ್ಟೆಯಾ?” ಎಂದಳು ಕಾಪು ನೋಡಿ.

“ಹೂಂ.”

“ನಾಲ್ಕು ಜನ ನೋಡ್ತಾರೆ ಕಣೇ. ಆ ಹುಡುಗ್ರು ಇಟ್ಟಿರೋ ಹೆಸರು ಮೊದಲೇ ಸಾಯಲ್ಲ. ಗುಡ್ಡದ ಮೇಲೂ ತಲೆಕೆಳಗಿನ ಜೀ ಅನ್ನಿಸಿಕೊಳ್ಬೇಕಾ ಅವರು?”

“ಅಲ್ಲಿ ಯಾರಿರ್ತಾರೆ ಅನ್ನೋಕೆ?”

“ಅದೂ ಸರಿ ಅನ್ನು.” ಯೇ ಅಕ್ಕ ಅವಳ ಬೆನ್ನು ಸವರಿದಳು. ಕೈಗೆ ತೋಫಿನ ನೀರು ಅಂಟಿತ್ತು. “ಆ ಕತೆ ಎಷ್ಟು ಚೆನ್ನಾಗಿ ಹೇಳ್ತಿದ್ರು. ಸುಳ್ಳಾದ್ರೂ ಚೆನ್ನಾಗಿತ್ತು.”

ಸೂಯುನ್ ದಾರದ ಕೊನೆಯ ಗಂಟು ಬಿಗಿದು, ಕತ್ತರಿಸಿ, ಕತ್ತಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿದಳು.

*

ನಾಲ್ಕು ವರ್ಷದ ಹಿಂದೆ ಆ ವಸ್ತುಸಂಗ್ರಹಾಲಯದವರು ಕತ್ತಿಯನ್ನು ಗಾಜಿನಿಂದ ಹೊರಗೆ ತೆಗೆದು, ತೊಳೆದು, ಎಕ್ಸ್‌ರೇ ತೆಗೆದರು. ಕಾಲುವೆಯಲ್ಲಿ ಸಿಕ್ಕಾಗ ಅದು ಮೂರು ತುಂಡಾಗಿತ್ತಂತೆ. ಅಂಟಿಸಿದವರು ಕಾಪನ್ನು ತಿರುಗುಮುರುಗಾಗಿ ಅಂಟಿಸಿದ್ದರು. ಕೊಂಬು ಮೊನೆಯ ಕಡೆ ಇರಬೇಕಿತ್ತು. ಮೃಗ ಕಣ್ಣು ತಿರುಗಿಸಿಕೊಳ್ಳುತ್ತಿರಲಿಲ್ಲ. ಸಾಯುವವನನ್ನು ನೆಟ್ಟಗೆ ನೋಡುತ್ತಿತ್ತು.

ಸುದ್ದಿ ಸೂಯುನ್‌ಳ ಫೋನಿಗೆ ಬಂತು. ಎರಡು ದಿನದಲ್ಲಿ ನಗೆಚಾಟಿಕೆಯೂ ಬಂತು. ಕತ್ತಿಗಳ ಹುಚ್ಚಿನ ಹುಡುಗರು ಅಪ್ಪನ ಕತ್ತಿಯ ಚಿತ್ರ ಹಾಕಿ, ಮುಖದ ಪಕ್ಕದಲ್ಲಿ ಬಾವಲಿಯ ಚಿತ್ರ ಅಂಟಿಸಿ, ತಲೆಕೆಳಗಿನ ಜೀ ಎಂದು ಬರೆದರು. ಅಪ್ಪನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅವನಿಗೆ ಹೇಳುವುದು ಬೇಡ ಎಂದು ಸೂಯುನ್, ಅಮ್ಮ, ಶ್ಯಾಂಗ್ ಚಿಕ್ಕಪ್ಪ ಮೂವರೂ ಅಡುಗೆಮನೆಯಲ್ಲಿ ನಿಂತು ತೀರ್ಮಾನಿಸಿದರು.

ಕೊಳ್ಳುವವರು ಮಾತ್ರ ಸುಮ್ಮನಿರಲಿಲ್ಲ. ಕಾಪು ಸರಿಯಾಗಿ ಹಾಕಿದರೆ ಮಾತ್ರ ಬೇಕು ಎಂದರು. ಆಗಿನಿಂದ ಶುರುವಾಯಿತು ಎರಡು ಸುತ್ತಿನ ಕೆಲಸ. ಬೆಳಿಗ್ಗೆ ಅಪ್ಪನ ಕಣ್ಣೆದುರು ಕೊಂಬು ಹಿಡಿಯ ಕಡೆ ಇಟ್ಟು ದಾರ ಸುತ್ತುವುದು. ಅವನು ಹೆಬ್ಬೆರಳಲ್ಲಿ ಒತ್ತಿ ನೋಡಿ “ಹೂಂ” ಅನ್ನುವುದು. ಅವನು ಊಟ ಮಾಡಿ ಮಲಗಿದ ಮೇಲೆ ದಾರವೆಲ್ಲ ಬಿಚ್ಚಿ, ಕಟ್ಟಿಗೆಯ ಎರಡು ಹೋಳು ತೆಗೆದು, ಕಾಪು ತಿರುಗಿಸಿ, ಮತ್ತೆ ನಲವತ್ತು ಸುತ್ತು ಸುತ್ತುವುದು. ಅವನು ಎದ್ದು ಮುಖ ತೊಳೆಯುವಷ್ಟರಲ್ಲಿ ಪಾರ್ಸಲ್ಲಿಗೆ ಮೊಳೆ ಬಿದ್ದಿರಬೇಕು. ಒಂದು ಹಿಡಿ ಸುತ್ತುವ ಶ್ರಮವೇ ಸಾಕೋಸಾಕು. ಅವಳು ಒಂದೊಂದು ಕತ್ತಿಗೂ ಎರಡು ಹಿಡಿ ಸುತ್ತಿದಳು.

ಆಮೇಲೆ ಆಸ್ಪತ್ರೆ. ಮೂಗಿಗೆ ಕೊಳವೆ ಹಾಕಿಕೊಂಡು ಅಪ್ಪ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿ ಕೂತಿದ್ದ. ಅವಳು ಕಿತ್ತಳೆ ಸುಲಿಯುತ್ತಿದ್ದಳು.

“ಆ ಕತ್ತಿ ತೊಳೆದರಂತಲ್ಲ,” ಎಂದ ಅಪ್ಪ ಇದ್ದಕ್ಕಿದ್ದಂತೆ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ. “ನಮ್ಮ ಕಾಪು... ಸರಿ ಇದೆಯಾ?”

ಕಿತ್ತಳೆಯ ಸಿಪ್ಪೆ ಅವಳ ಕೈಯಲ್ಲೇ ನಿಂತಿತು. “ಸರಿಯಾಗಿದೆ ಅಪ್ಪ. ನಾವು ಹಾಕೋ ಹಾಗೇ ಇದೆ.”

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. “ಹೂಂ,” ಎಂದ. ಅವಳು ಒಂದು ತೊಳೆ ಬಾಯಿಗಿಟ್ಟಳು, ಅವನು ತಿಂದ. ಆಮೇಲೆ ಎಂಟು ದಿನ ಬದುಕಿದ್ದ. ಕತ್ತಿಯ ಮಾತು ಮತ್ತೆ ಎತ್ತಲಿಲ್ಲ.

*

ದೊಡ್ಡಪ್ಪನ ಮಗ ಬೂದಿಯ ಪೆಟ್ಟಿಗೆ ಎದೆಗವಚಿಕೊಂಡು ಮುಂದೆ ನಡೆದ. ಅದರ ಮೇಲೆ ಬಿಸಿಲು ಬೀಳದಂತೆ ಒಬ್ಬರು ಕರಿಕೊಡೆ ಹಿಡಿದಿದ್ದರು. ಪಟಾಕಿಯ ಹೊಗೆ, ಕಾಗದದ ಚೂರು, ಓಲಗ. ಸೂಯುನ್ ಕತ್ತಿಯನ್ನು ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡು ನಡೆದಳು. ಗುಡ್ಡದ ಅರ್ಧ ದಾರಿಯಲ್ಲಿ ಕಲ್ಲುಕಟ್ಟೆ ಬಂತು, ಎಲ್ಲರೂ ನಿಂತು ನೀರು ಕುಡಿದರು.

ಶ್ಯಾಂಗ್ ಚಿಕ್ಕಪ್ಪ ಪಕ್ಕಕ್ಕೆ ಬಂದು ಕೂತ. “ಒಂದ್ಸಲ ನೋಡ್ತೀನಿ ಕೊಡಮ್ಮ. ಇದಕ್ಕೆ ಕೊನೇ ಏಟು ಹಾಕಿದ್ದು ನಾನೇ.”

ಬಟ್ಟೆ ಬಿಚ್ಚಿದ. ಅಲಗಿನ ಮೇಲೆ ಬೆರಳಾಡಿಸುತ್ತ ಕೆಳಗೆ ಬಂದವನು ಕಾಪಿನ ಹತ್ತಿರ ನಿಂತ.

“ಯಾಕಮ್ಮ ಹೀಗೆ ಹಾಕ್ದೆ?”

“ಅಪ್ಪ ಹಾಕ್ತಿದ್ದ ಹಾಗೇ ಹಾಕಿದೀನಿ ಚಿಕ್ಕಪ್ಪ. ಸರಿ ಇದೆ ಅಂತ ಅವರಿಗೆ ಹೇಳಿಬಿಟ್ಟಿದೀನಿ. ಈಗ ತಿರುಗಿಸಿ ಹಾಕಿ ಕಳಿಸೋಕೆ ಮನಸ್ಸು ಬರಲಿಲ್ಲ.”

ಚಿಕ್ಕಪ್ಪ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡ. ಯಾವಾಗಲೂ ಕೂಗಿ ಮಾತಾಡುವವನು ಈಗ ದನಿ ಎಷ್ಟು ಇಳಿಸಿದನೆಂದರೆ ಅವಳೇ ಬಾಗಿ ಕೇಳಬೇಕಾಯಿತು.

“ಅವನಿಗೆ ಗೊತ್ತಿತ್ತು ಕಣಮ್ಮ.”

“ಏನು ಗೊತ್ತಿತ್ತು?”

“ತಪ್ಪು ಅಂತ. ಎರಡು ವರ್ಷದಿಂದ. ನೀನು ನಿಮ್ಮಮ್ಮನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ ನೋಡು, ಅವತ್ತು. ಮನೇಲಿ ಯಾರೂ ಇರಲಿಲ್ಲ ಅಂತ ಒಂದು ಪಾರ್ಸಲ್ ವಾಪಸ್ ಬಂತು. ನಾನು ಹಿಂದೆ ಇದ್ದಿಲು ಒಡೀತಿದ್ದೆ. ಬರೋಷ್ಟರಲ್ಲಿ ಅವನೇ ಬಿಚ್ಚಿ ಕೂತಿದ್ದ. ತಾನೇ ಒತ್ತಿ ನೋಡಿದ್ದ ಹಿಡಿ, ಕೊಂಬು ಮೊನೆ ಕಡೆ ಇದೆ! ಹೇಳು ಅಂದ. ಹೇಳ್ದೆ. ಇನ್ನೇನು ಮಾಡ್ಲಿ? ಅವನ ಎದುರು ನಿಂತು ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ.”

ಸೂಯುನ್ ನೀರಿನ ಬಾಟಲಿಯನ್ನು ಕೆಳಗಿಟ್ಟಳು.

“ನಂಗ್ಯಾಕೆ ಹೇಳಲಿಲ್ಲ?”

“ಬೇಡ ಅಂದ. ‘ಎರಡೆರಡು ಸಲ ಸುತ್ತುತಾಳೆ, ಬೆರಳು ಕೊಯ್ದುಕೊಂಡು. ನಂಗೆ ಗೊತ್ತು ಅಂತ ಗೊತ್ತಾದ್ರೆ ಅಷ್ಟೂ ಸುತ್ತು ಮಣ್ಣುಪಾಲಾಗಲ್ವಾ’ ಅಂದ. ಪಾರ್ಸಲ್ ಇದ್ದ ಹಾಗೇ ಕಟ್ಟಿಸಿ, ನನ್ನ ಕೈಲೇ ಕಳಿಸ್ದ. ಮಾರನೇ ದಿನ ನೀನು ಹಿಡಿ ಕೊಟ್ಟಾಗ ಮಾಮೂಲಿ ಹಾಗೆ ಒತ್ತಿ ನೋಡಿ ಹೂಂ ಅಂದ. ನಾನು ಆ ಕಡೆ ತಿರುಗಿ ನಿಂತೆ.”

ಮಧ್ಯಾಹ್ನ ಮಲಗಲು ಹೋಗುತ್ತಿದ್ದ ಅಪ್ಪ ನೆನಪಾದ. ಮಲಗುತ್ತಿದ್ದನೋ, ಗೋಡೆಯಾಚೆ ಅವಳು ದಾರ ಬಿಚ್ಚುವ ಸದ್ದು ಕೇಳುತ್ತ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದನೋ. ಎರಡು ವರ್ಷ ಅವಳ ಕೆಲಸ ಮುಗಿಯುವವರೆಗೆ ಕಾದು ಎದ್ದು ಬರುತ್ತಿದ್ದ.

“ಮತ್ತೆ ಆಸ್ಪತ್ರೇಲಿ?” ಅವಳು ಚಿಕ್ಕಪ್ಪನ ತೋಳು ಹಿಡಿದಳು. “ಆಸ್ಪತ್ರೇಲಿ ಕೇಳಿದ್ರಲ್ಲ ನನ್ನ! ಸರಿ ಇದೆಯಾ ಅಂತ ಕೇಳಿದ್ರು!”

“ಕೇಳ್ತೀನಿ ಅಂತ ನಂಗೆ ಹೇಳಿದ್ದ. ‘ಇಲ್ಲ ಅಪ್ಪ, ತಪ್ಪಾಗಿದೆ ಅಂತ ಒಂದ್ಮಾತು ಅವಳ ಬಾಯಲ್ಲಿ ಬಂದ್ರೆ ಸಾಕು. ಆಮೇಲೆ ನಾನು ಅವಳಿಗೆ ಹೇಳೋದಿದೆ’ ಅಂದಿದ್ದ.”

“ಏನು? ಏನು ಹೇಳೋದಿತ್ತು?”

ಚಿಕ್ಕಪ್ಪ ತಲೆ ಅಲ್ಲಾಡಿಸಿದ. “ಗೊತ್ತಿಲ್ಲ ಕಣಮ್ಮ. ಮಾರನೇ ದಿನ ಹೋದಾಗ ಕೇಳ್ದೆ, ಹೇಳಿದ್ಯಾ ಅಂತ. ‘ಸರಿ ಇದೆ ಅಂದ್ಲು’ ಅಂದ. ಅಷ್ಟೇ. ಆ ಕಡೆ ಮಗ್ಗುಲಾದ.”

ಕೆಳಗೆ ಯಾರೋ ಹೊರಡೋಣ ಎಂದು ಕೂಗಿದರು. ಸೂಯುನ್ ಚಿಕ್ಕಪ್ಪನ ತೊಡೆಯ ಮೇಲಿದ್ದ ಕತ್ತಿಯನ್ನು ಎಳೆದುಕೊಂಡು ಕಾಪನ್ನು ಹಿಡಿದಳು. “ತಿರುಗಿಸಿಬಿಡ್ತೀನಿ. ಅರ್ಧ ಗಂಟೆ. ಅವರನ್ನ ನಿಲ್ಲಿಸು ಚಿಕ್ಕಪ್ಪ.”

“ತಿರುಗಿಸಿ? ಅದನ್ನೇ ಅವನು ಬಯಸಿದ್ದ ಅಂತ ನಿಂಗೆ ಹೇಗೆ ಗೊತ್ತು? ಈ ಅಲಗಿಗೆ ಗುರುತು ಹಾಕಿದ್ನಾ?”

ಹಾಕಿರಲಿಲ್ಲ. ಹಿಡಿಯೊಳಗೆ ಹೋಗುವ ಅಲಗಿನ ಬಾಲದ ಮೇಲೆ, ಕೊಂಬು ಯಾವ ಕಡೆ ಎಂದು ಅಪ್ಪ ಮೊಳೆಯಿಂದ ಒಂದು ಗೀರು ಎಳೆಯುತ್ತಿದ್ದ. ಒಂದು ಕತ್ತಿಗೂ ತಪ್ಪಿಸಿದವನಲ್ಲ. ಇದರ ಬಾಲ ಮಾತ್ರ ನುಣ್ಣಗಿತ್ತು. ಬೆಳಿಗ್ಗೆ ಅವಳು ಅದನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ಹುಡುಕಿದ್ದಳು. ಕಾಯಿಲೆಯಲ್ಲಿ ಮರೆತಿರಬೇಕು ಅಂದುಕೊಂಡಿದ್ದಳು. ಈಗ ಹಾಗನ್ನಿಸಲಿಲ್ಲ, ಕಾಪನ್ನು ಇದ್ದ ಹಾಗೇ ಬಿಟ್ಟು ಕತ್ತಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

*

ಗುಡ್ಡದ ಮೇಲೆ ಸಾಲು ಸಾಲು ಗೋರಿಗಳು, ಎಲ್ಲ ಒಂದೇ ಅಳತೆ. ಗಾರೆ ಮೇಸ್ತ್ರಿ ಸಿಮೆಂಟು ಕಲಸಿಕೊಂಡು ಕಾಯುತ್ತಿದ್ದ. ದೊಡ್ಡಪ್ಪನ ಮಗ ಮಂಡಿಯೂರಿ ಪೆಟ್ಟಿಗೆಯನ್ನು ಗೂಡಿನೊಳಗೆ ಸರಿಸಿದ. ಅಮ್ಮ ಸತ್ತವರಿಗೆ ಸಲ್ಲುವ ಕಾಗದದ ಹಣ ಸುಟ್ಟಳು. ಸೂಯುನ್ ಕತ್ತಿಯನ್ನು ಮುಂದೆ ಚಾಚಿದಳು.

ಮೇಸ್ತ್ರಿ ಕತ್ತಿಯನ್ನೂ ನೋಡಿದ, ಗೂಡನ್ನೂ ನೋಡಿದ. “ಇದು ಇಲ್ಲೆಲ್ಲಿ ಹಿಡಿಸುತ್ತಮ್ಮಾ?”

ಕತ್ತಿ ಒಂದು ಗಜಕ್ಕೂ ಉದ್ದ. ಗೂಡು ಎರಡು ಪೆಟ್ಟಿಗೆ ಒತ್ತಿ ಕೂರುವಷ್ಟು. ಒಂದು ಅಪ್ಪನದು, ಇನ್ನೊಂದು ಮುಂದೆ ಅಮ್ಮನದು. ಮೂಲೆಯಿಂದ ಮೂಲೆಗೆ ಇಟ್ಟರೂ ಅರ್ಧ ಹೊರಗೆ. ಇಡೀ ಬದುಕು ಅಳತೆಯಲ್ಲೇ ಕಳೆದ ಮನೆಯವರು, ಒಬ್ಬರಾದರೂ ಇದನ್ನು ಅಳೆದಿರಲಿಲ್ಲ.

“ಪಕ್ಕದಲ್ಲಿ ಮಲಗಿಸೋಣ ಅಂತಿದ್ವಿ ಕಣಪ್ಪ,” ಎಂದಳು ಅಮ್ಮ. “ಹೆಗಲಿನಿಂದ ಮಂಡಿವರೆಗೆ ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಮನುಷ್ಯನೇ ಇಷ್ಟು ಚಿಕ್ಕದಾಗಿಬಿಟ್ಟಿರ್ತಾರೆ ಅಂತ...” ಮಾತು ಮುಗಿಸಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ನೆಲಕ್ಕೆ ಕುಸಿದು ಅತ್ತಳು.

“ಬಗ್ಗಿಸಿ ಇಡೋಕಾಗಲ್ವಾ?” ದೊಡ್ಡಪ್ಪನ ಮಗ ಕೇಳಿದ.

“ಬಗ್ಗೋ ಅಲಗು ಮಾಡಿದವನಲ್ಲ ಅವನು!” ಶ್ಯಾಂಗ್ ಚಿಕ್ಕಪ್ಪ ಗುಡ್ಡವೆಲ್ಲ ಕೇಳುವಂತೆ ಗದರಿದ.

ಸೂಯುನ್ ಮೇಸ್ತ್ರಿಯ ಚೀಲದಿಂದ ಸಿಮೆಂಟು ಮೂಟೆ ಕೊಯ್ಯುವ ಚಾಕು ತೆಗೆದುಕೊಂಡು ಹುಲ್ಲಿನ ಮೇಲೆ ಕೂತಳು. ಹಿಡಿಯ ದಾರದ ಮೇಲೆ ಒಂದು ಗೀರು ಎಳೆದಳು. ಬೆಳಿಗ್ಗೆ ಸುತ್ತಿದ ನಲವತ್ತು ಸುತ್ತು ಚೂರುಚೂರಾಗಿ ಮಡಿಲಿಗೆ ಬಿತ್ತು. ಕಟ್ಟಿಗೆಯ ಹೋಳು ಎರಡಾದವು. ಕಾಪು ಜಾರಿ ಅಂಗೈಗೆ ಬಂತು. ಅಲಗಿಲ್ಲದ ಮೇಲೆ ಅದಕ್ಕೆ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ.

“ಇದಿಷ್ಟು ಇಡಿ,” ಎಂದಳು.

ಮೇಸ್ತ್ರಿ ಹೊಟ್ಟೆಯ ಮೇಲೆ ಮಲಗಿ, ಕಾಪು ಹಿಡಿದ ಕೈಯನ್ನು ತೋಳುದ್ದ ಗೂಡಿನೊಳಗೆ ತೂರಿಸಿದ. ಒಂದು ಗಳಿಗೆ ಕೈಯನ್ನು ಅಲ್ಲೇ ತಡೆದ. ಒಳ್ಳೆಯ ಕೆಲಸಗಾರ ಅವನು, ಯಾವುದನ್ನೂ ಕೇಳದೆ ಮಾಡುವವನಲ್ಲ.

“ಇದಕ್ಕೊಂದು ಮುಖ ಇದೆಯಲ್ಲಮ್ಮ. ತಲೆ ಯಾವ ಕಡೆ ಬರಬೇಕು?”

ಎಲ್ಲರೂ ಸೂಯುನ್ ಕಡೆ ನೋಡಿದರು. ಅಮ್ಮ ಅಳು ನಿಲ್ಲಿಸಿ ನೋಡಿದಳು. ಸೂಯುನ್ ಬಾಯಿ ತೆರೆದಳು. ಆಸ್ಪತ್ರೆಯ ಕಿಟಕಿ, ಕಿತ್ತಳೆಯ ವಾಸನೆ, ತನ್ನ ಮುಖವನ್ನೇ ನೋಡುತ್ತ ಕಾದಿದ್ದ ಅಪ್ಪನ ಕಣ್ಣು.

“ಬೇಗ ಹೇಳಮ್ಮಾ, ಸಿಮೆಂಟ್ ಗಟ್ಟಿಯಾಗ್ತಿದೆ.”

ಅವಳು ಹೇಳಲಿಲ್ಲ. ಮೇಸ್ತ್ರಿ ಇನ್ನೂ ಸ್ವಲ್ಪ ಕಾದ. ಆಮೇಲೆ ಒಳಗೆ ಕಂಚು ಕಲ್ಲಿಗೆ ತಾಗಿದ ಸಣ್ಣ ಸದ್ದಾಯಿತು. ಕೈ ಹೊರಗೆಳೆದು, ಚಪ್ಪಡಿ ಸರಿಸಿ, ಸುತ್ತ ಸಿಮೆಂಟು ಮೆತ್ತಿದ.

“ಹೇಗೆ ಇಟ್ಟೆ?” ಶ್ಯಾಂಗ್ ಚಿಕ್ಕಪ್ಪ ಕೇಳಿದ.

“ಒಳಗೆ ಕತ್ತಲೆ,” ಮೇಸ್ತ್ರಿ ಮೊಣಕೈಯ ಮಣ್ಣು ಕೊಡವಿಕೊಂಡ. “ಕಾಣಲಿಲ್ಲ.”

ಓಲಗದವರು ಇಳಿಯತೊಡಗಿದರು. ಕೆಳಗೆ ಮನೆಯಲ್ಲಿ ಸಾವಿನ ಮನೆಗೆ ಬಂದವರಿಗೆಂದು ಮಾಡಿದ ತೋಫಿನ ಊಟ ಕಾದಿತ್ತು. ಅಮ್ಮನನ್ನು ಯಾರೋ ಎಬ್ಬಿಸಿಕೊಂಡು ಹೋದರು. ಸೂಯುನ್ ಹಿಡಿಯಿಲ್ಲದ ಅಲಗನ್ನು ಪಕ್ಕದಲ್ಲಿಟ್ಟುಕೊಂಡು, ಹುಲ್ಲಿನಲ್ಲಿ ಬಿದ್ದಿದ್ದ ದಾರದ ಒಂದು ಉದ್ದನೆಯ ತುಂಡನ್ನು ಎತ್ತಿ ತನ್ನ ಬೆರಳಿಗೆ ಬಿಗಿಯಾಗಿ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.